ಅಕ್ಕನ ಹೆಬ್ಬೆಟ್ಟು

ನಮ್ಮ ಅಕ್ಕ ನಮ್ಮ ಅಕ್ಕನೇ ಹೌದು ಎಂದು ರುಜುವಾತು ಮಾಡುವುದಕ್ಕೆ ಎರಡು ವರ್ಷಗಳಲ್ಲಿ ನಾನು ಸವೆಸಿದ ಚಪ್ಪಲಿ ಮೂರು ಜೊತೆ. ಅವಳು ಹುಟ್ಟಿದಂದಿನಿಂದ ಚಪ್ಪಲಿ ಮೆಟ್ಟಿದವಳಲ್ಲ. ಹಾಗೆಂದು ಅವಳ ಕಡೆ ಏನೂ ಸವೆದಿಲ್ಲ ಎನ್ನುವ ಹಾಗಿಲ್ಲ. ಅವಳ ಹತ್ತು ಬೆರಳೂ ಸವೆದು ಹೋಗಿವೆ. ರಗಳೆ ಶುರುವಾದದ್ದೇ ಅಲ್ಲಿಂದ.

ಅವಳ ಹೆಸರು ಹೇಳುವುದಿಲ್ಲ. ಹೇಳಿ ಪ್ರಯೋಜನವೂ ಇಲ್ಲ. ಹೆಸರು ಹೇಳಿದರೆ ನಂಬುವ ಕಾಲ ಯಾವತ್ತೋ ಹೋಯಿತಲ್ಲ! ಐವತ್ತು ವರ್ಷದ ಮೇಲಾಯಿತು, ಅವಳು ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಕೂತು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವಳ ಮೀನು ತಿನ್ನದ ಮನೆ ಇರಬಹುದು, ಅವಳ ಬಾಯಿಗೆ ಹೆದರದ ಕಂಡಕ್ಟರ್ ಇಲ್ಲ. ನಾನು ಅವಳ ಒಬ್ಬನೇ ತಮ್ಮ. ಬಸ್ ಸ್ಟ್ಯಾಂಡಿನಲ್ಲಿ ಟೈಂ ಕೀಪರ್ ಆಗಿದ್ದವನು. ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಬರೆಯುತ್ತ ಆಯುಷ್ಯ ಕಳೆದವನು. ನಾನೇ ಎಷ್ಟು ತಡ ಎಂದು ಈಗ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ನನ್ನದೊಂದು ತಪ್ಪು ಇದೆ. ಅದನ್ನು ಈಗಲೇ ಹೇಳಿದರೆ ನಿಮಗೆ ನಗು ಬರಲಿಕ್ಕಿಲ್ಲ. ಮೊದಲು ಸ್ವಲ್ಪ ನಗಿ, ಆಮೇಲೆ ಬೈಯುವಿರಂತೆ.

ಅಕ್ಕನಿಗೆ ಜನರ ಹೆಸರು ನೆನಪಿರುವುದಿಲ್ಲ. ಅವಳ ಮಟ್ಟಿಗೆ ಮನುಷ್ಯನೆಂದರೆ ಅವನು ಕೊಳ್ಳುವ ಮೀನು. ‘ಬಂಗುಡೆ ಮಾಷ್ಟ್ರು’ ಎಂದರೆ ನಿವೃತ್ತ ಹೆಡ್ಮಾಸ್ತರರು. ‘ತಲ್ಲೂರಿನ ಕಾಣೆ’ ಎಂದರೆ ಅಲ್ಲಿನ ಡಾಕ್ಟರು. ದೊಡ್ಡ ವಕೀಲರೊಬ್ಬರು ಅವಳ ಬಾಯಲ್ಲಿ ಬರೀ ‘ಬೂತಾಯಿ’, ಎಲ್ಲಕ್ಕಿಂತ ಅಗ್ಗದ ಮೀನು. ಕೋರ್ಟಿನಲ್ಲಿ ಅವರು ಎಷ್ಟು ಗುಡುಗಿದರೇನು? ಕಾಯಿಲೆಯ ಕಾಲದಲ್ಲಿ ಊರಿಗೆ ಊರೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ತಿರುಗಿದಾಗ ಗಂಡನ ಗುರುತು ಹೆಂಡತಿಗೆ ಸಿಗುತ್ತಿರಲಿಲ್ಲ. ಅಕ್ಕನಿಗೆ ಮಾತ್ರ ಒಂದು ಗುರುತೂ ತಪ್ಪಲಿಲ್ಲ. ಹೆಡ್ಮಾಸ್ತರರು ತಲೆಗೆ ಮುಂಡಾಸು, ಮುಖಕ್ಕೆ ಎರಡು ಸುತ್ತು ಬಟ್ಟೆ ಸುತ್ತಿಕೊಂಡು ಬಂದು ಬಗ್ಗಿದ್ದೇ ತಡ,

“ಹ್ವಾಯ್, ಬಂಗುಡೆ ಮಾಷ್ಟ್ರೇ, ಜ್ವರ ಕಮ್ಮಿ ಆಯ್ತಾ?” ಎಂದಳು.

“ನಾನು ಅಂತ ಹೇಗೆ ಗೊತ್ತಾಯ್ತು ಮಾರಾಯ್ತಿ?”

“ಮುಖ ಮುಚ್ಕಂಡ್ರೆ ಎಂತಾಯ್ತ್? ಮೀನಿನ್ ಕಿವಿ ಎತ್ತಿ, ಕನ್ನಡ್ಕ ತೆಗ್ದ್, ಬಗ್ಗಿ ಕಾಂಬುದ್ ನೀವೊಬ್ರೇ ಅಲ್ದಾ?”

ಇಷ್ಟು ಜನರ ಗುರುತು ಇಟ್ಟುಕೊಂಡವಳ ಗುರುತು ಯಾವ ಯಂತ್ರಕ್ಕೂ ಸಿಗುವುದಿಲ್ಲ ಎಂದರೆ ಏನು ಹೇಳೋಣ!

ರೇಷನ್ ಅಂಗಡಿಯಿಂದ ಶುರು ಮಾಡುತ್ತೇನೆ. ಅಲ್ಲಿ ಬೆರಳಿಡುವ ಪುಟ್ಟ ಯಂತ್ರ ಬಂದ ಮೇಲೆ ಅಕ್ಕನಿಗೂ ಅದಕ್ಕೂ ತಿಂಗಳಿಗೊಂದು ಜಗಳ. ಹೆಬ್ಬೆರಳು ಇಟ್ಟರೆ ಕೆಂಪು ದೀಪ, ತೋರುಬೆರಳು ಇಟ್ಟರೆ ಕೆಂಪು ದೀಪ. ಅಂಗಡಿಯವನು ಒಳ್ಳೆಯ ಮನುಷ್ಯ. ಬಟ್ಟೆಯಿಂದ ಒರೆಸಿದ, ತೆಂಗಿನೆಣ್ಣೆ ಹಚ್ಚಿದ, ಎಣ್ಣೆ ಹೆಚ್ಚಾಯಿತೆಂದು ಸೀಗೆಪುಡಿ ಹಾಕಿ ತಿಕ್ಕಿದ. ಹಿಂದೆ ನಿಂತ ಸಾಲಿನವರೆಲ್ಲ ಒಂದೊಂದು ಮದ್ದು ಹೇಳಿದರು. ಯಂತ್ರ ಹತ್ತು ಬೆರಳನ್ನೂ ತಿರಸ್ಕರಿಸಿತು. ಕಣ್ಣು ತೋರಿಸಿ ಎಂದ. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಕಣ್ಣೂ ಆಗಲಿಲ್ಲ.

“ಅಮ್ಮಾ, ನಿಮ್ಮ್ ಬೆರ್ಳಂಗೆ ಗೆರಿಯೇ ಇಲ್ಯಲೆ!” ಎಂದ ಅವನು, ಸೋತು.

“ಇರೂದ್ ಹ್ಯಾಂಗೆ? ಐವತ್ ವರ್ಷ ಉಪ್ಪು, ಐಸು, ಕತ್ತಿ. ಗೆರಿ ಎಲ್ಲ ಮೀನಿಗ್ ಹತ್ಕಂಡ್ ಹೋಯ್ತ್. ಮೀನ್ ಎಲ್ಲ ನೀವೇ ತಿಂದ್ರಿ. ಈಗ ಗೆರಿ ಎಲ್ಲಿತ್ತ್ ಅಂದೇಳಿ ನನ್ನ್ ಕೇಂತ್ರ್ಯಾ?”

ಸಾಲಿನಲ್ಲಿದ್ದ ಅರ್ಧ ಜನ ನೆಲ ನೋಡಿದರು. ಅಂಗಡಿಯವನೂ ಅವಳ ಗಿರಾಕಿಯೇ. ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಕೊಟ್ಟ.

ಬೆರಳು ಆಗದಿದ್ದರೆ ಕಾರ್ಡುಗಳಾದರೂ ಇಲ್ಲವೇ ಎಂದು ನೀವು ಕೇಳಬಹುದು. ಇವೆ. ಅದೇ ತೊಂದರೆ! ಒಂದರಲ್ಲಿ ಅವಳಿಗೆ ಅರುವತ್ತೆಂಟು, ಒಂದರಲ್ಲಿ ಎಪ್ಪತ್ತನಾಲ್ಕು, ಇನ್ನೊಂದರಲ್ಲಿ ಎಂಬತ್ತೊಂದು. ಅವಳು ಹುಟ್ಟಿದ್ದು ಯಾವಾಗ ಎಂದು ನಮ್ಮ ಅಮ್ಮನನ್ನು ಕೇಳಿದರೆ, ತಿಮಿಂಗಿಲ ಬಂದು ದಡಕ್ಕೆ ಬಿದ್ದ ವರ್ಷ ಎನ್ನುತ್ತಿದ್ದಳು. ಯಾವ ತಿಮಿಂಗಿಲ? ಎರಡು ಬಿದ್ದಿದ್ದವು! ನಮ್ಮ ಕೇರಿಯಲ್ಲಿ ಹತ್ತನೆಯ ತರಗತಿ ದಾಟಿದ ಮೊದಲಿಗ ನಾನು. ಹಾಗಾಗಿ ಎಲ್ಲರ ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಬಂತು. ಯಾವ ಅರ್ಜಿಗೆ ಎಷ್ಟು ವಯಸ್ಸು ಬೇಕೋ ಅಷ್ಟು ಬರೆದೆ. ತಾರೀಕು ಗೊತ್ತಿಲ್ಲದವರಿಗೆಲ್ಲ ಜೂನ್ ಒಂದು ಎಂದು ಬರೆದೆ. ಇವತ್ತಿಗೂ ನಮ್ಮ ಕೇರಿಯ ಮುಕ್ಕಾಲು ಪಾಲು ಮುದುಕರು ಒಂದೇ ದಿನ ಹುಟ್ಟಿದವರು. ಅವತ್ತು ಹೆರಿಗೆ ಮಾಡಿಸಿದ ಸೂಲಗಿತ್ತಿಯ ಪಾಡು ಏನಾಗಿರಬೇಡ!

“ಅಕ್ಕ, ಈ ಮೂರ್ರಂಗೆ ನಿನ್ ವಯಸ್ಸ್ ಯಾವ್ದ್ ಅಂದೇಳಿ ಹೇಳೂದ್?” ಎಂದು ಕೇಳಿದ್ದೆ.

“ಮೂರೂ ಇರ್ಲಿ. ಒಂದ್ ಹರ್ದ್ ಹೋರೆ ಇನ್ನೊಂದ್ ಆತ್ತ್.”

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಕಾರ್ಡು ತೋರಿಸಿದರೆ ಸಾಕು ಎಂದಾದ ಮೇಲೆ ಒಂದು ದಿನ ಅವಳ ಜೊತೆ ಬೈಂದೂರಿನಿಂದ ಬರುತ್ತಿದ್ದೆ. ಕಂಡಕ್ಟರ್ ಬಡಗಣ ಕಡೆಯವನು, ಹೊಸಬ.

“ಯವ್ವಾ, ಕಾರ್ಡ್ ತೋರಿಸ್ರಿ.”

“ಎಂತಕೆ? ನಾನ್ ಹೆಂಗ್ಸ್ ಅಂದೇಳಿ ಕಾಂತಿಲ್ಯಾ?”

“ಹೆಂಗಸ್ರು ಅನ್ನೂದು ಕಾಣಸ್ತೈತ್ರಿ. ಈ ರಾಜ್ಯದಾವ್ರು ಅಂತ ಹೆಂಗ ತಿಳೀಬೇಕ್ರಿ?”

ಅಷ್ಟು ಸಾಕಾಯಿತು. “ಈ ರಾಜ್ಯದೊಳ್ ಅಲ್ದೆ ನಾನೆಂತ ಕಡ್ಲಂಗಿಂದ ಎದ್ಕಂಡ್ ಬಂದದ್ದಾ? ನೀವ್ ಹುಟ್ಟುಕ್ ಮುಂಚೆ ಈ ರಸ್ತಿಯಂಗೆ ಬುಟ್ಟಿ ಹೊತ್ಕಂಡ್ ನಡ್ದೋಳ್ ನಾನ್...” ಎಂದು ಶುರು ಮಾಡಿದವಳು ಎರಡು ಸ್ಟಾಪು ಕಳೆದರೂ ಉಸಿರು ತೆಗೆದುಕೊಳ್ಳಲಿಲ್ಲ. ಕಂಡಕ್ಟರ್ ನನ್ನ ಕಡೆ ತಿರುಗಿದ.

“ಏನಂತಾರ್ರೀ ಇವ್ರು? ಒಂದಕ್ಷರ ತಿಳೀವಲ್ದು.”

“ನೀವು ಹುಟ್ಟಿದ್ದು ತಡವಾಯ್ತು ಅಂತಾರೆ,” ಎಂದೆ. ಟೈಂ ಕೀಪರ್ ಆಗಿದ್ದವನಿಗೆ ಅಷ್ಟೇ ಹೊಳೆದದ್ದು.

ಅವನು ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಸೊನ್ನೆ ಟಿಕೆಟ್ ಹರಿದು ಕೈಗಿಟ್ಟ. “ಕುಂಡ್ರಿ ಯವ್ವಾ. ಈ ಮಾತು ಬ್ಯಾರೆ ಯಾವ ರಾಜ್ಯದಾಗೂ ಇರಾಕ ಸಾಧ್ಯ ಇಲ್ಲ.”

ಅವಳ ಜೀವಮಾನದಲ್ಲಿ ಕಾಗದವಿಲ್ಲದೆ ಗುರುತು ಒಪ್ಪಿದ ಸರ್ಕಾರಿ ನೌಕರ ಅವನೊಬ್ಬನೇ.

ಇದೆಲ್ಲ ನಗೆಯ ಮಾತಾಯಿತು. ನಗುವುದಕ್ಕಾಗದ ಸಂಗತಿ ಬಂದದ್ದು ಕಡಲಿನಿಂದ.

ಅಕ್ಕನ ಮನೆ ಬೈಂದೂರು ತಾಲ್ಲೂಕಿನ ಕಡಲ ದಂಡೆಯಲ್ಲಿ. ಭಾವ ಮುಂಬೈಯ ಹೋಟೆಲಿನಲ್ಲಿದ್ದವರು, ಜ್ವರ ಬಂದು ಅಲ್ಲೇ ತೀರಿಕೊಂಡರು. ಮಕ್ಕಳಿಲ್ಲ. ಮನೆಯಿಲ್ಲದವರಿಗೆಂದು ಸರ್ಕಾರ ಆಗ ಅವಳ ಹೆಸರಿಗೆ ಮೂರು ಸೆಂಟ್ಸು ಜಾಗ ಕೊಟ್ಟು, ಒಂದು ಹಕ್ಕುಪತ್ರವನ್ನೂ ಕೊಟ್ಟಿತ್ತು. ನಲವತ್ತು ವರ್ಷದ ಹಿಂದಿನ ಮಾತು. ಅಲ್ಲಿ ಕಟ್ಟಿಕೊಂಡ ಹಂಚಿನ ಮನೆ ಆಗ ಕಡಲಿನಿಂದ ದೂರವೇ ಇತ್ತು. ಕಡಲು ವರ್ಷ ವರ್ಷ ಹತ್ತಿರ ಬಂತು. ಮೊದಲು ಎರಡು ತೆಂಗಿನ ಮರ ಹೋದವು, ಆಮೇಲೆ ಬಟ್ಟೆ ಒಗೆಯುವ ಕಲ್ಲು, ಹೋದ ಮಳೆಗಾಲದಲ್ಲಿ ಪಾಯಿಖಾನೆ.

“ಕಾಣ್ ತಮ್ಮಾ, ಕಡ್ಲಿಗೊಂದ್ ನನ್ ಮನಿ ಗುರ್ತ್ ಸಮ ಸಿಕ್ಕಿತ್ತ್. ಒಂದ್ ಕಾಗ್ದ ಕೇಂಡದ್ದಿಲ್ಲೆ!” ಎಂದು ನಕ್ಕಳು ಅಕ್ಕ.

ನಮ್ಮ ಮನೆಗೆ ಬಂದಿರು ಎಂದು ಕರೆದೆ. ನಮ್ಮದು ಹೆದ್ದಾರಿಯ ಮೂಡು ಬದಿಗೆ, ಕಡಲು ಅಷ್ಟು ಬೇಗ ಅಲ್ಲಿಗೆ ಬರಲಿಕ್ಕಿಲ್ಲ. “ನಿನ್ ಮನೆಗೆ ನಾನ್ ನೆಂಟ್ರ್. ನೆಂಟ್ರಿಗೆ ಮೂರ್ ದಿನ ಮರ್ಯಾದಿ. ನಂಗೆ ಸಾಯುಕ್ ನಂದೇ ಒಂದ್ ಮಾಡ್ ಬೇಕ್,” ಎಂದಳು. ಮಾಡು ಎಂದರೆ ಸೂರು. ಎಪ್ಪತ್ತು ದಾಟಿದ ಹೆಂಗಸಿಗೆ ಬೇಕಾದದ್ದು ಇಷ್ಟೇ.

ಅಷ್ಟರಲ್ಲಿ ಸುದ್ದಿ ಬಂತು. ಕಡಲು ತಿನ್ನುತ್ತಿರುವ ಮನೆಗಳವರಿಗೆ ಒಳಗಡೆ ಬೇರೆ ಜಾಗ ಕೊಡುತ್ತಾರಂತೆ. ಹಕ್ಕುಪತ್ರದಲ್ಲಿ ಹೆಸರಿರುವವರು ಖುದ್ದಾಗಿ ಬಂದು, ತಾವೇ ಆ ಮನುಷ್ಯರು ಎಂದು ತೋರಿಸಬೇಕಂತೆ. ತೋರಿಸದವರ ಹೆಸರು ಪಟ್ಟಿಯಿಂದ ಹೋಗುತ್ತದೆ.

ತಾಲ್ಲೂಕು ಆಫೀಸಿನ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ ಮಾತಾಡಿಸಿದರು. ಮೂರು ಕಾರ್ಡಿನ ಮೂರು ವಯಸ್ಸು ನೋಡಿ ನಗು ತಡೆದುಕೊಂಡರು.

“ಪರವಾಗಿಲ್ಲಮ್ಮ. ಹಕ್ಕುಪತ್ರ ಕೊಟ್ಟಾಗಿನ ರಿಜಿಸ್ಟರ್ ನಮ್ಮಲ್ಲೇ ಇದೆ. ಅದರಲ್ಲಿ ನಿಮ್ಮ ಹೆಬ್ಬೆಟ್ಟು ಇರುತ್ತದೆ. ಅದೊಂದು ಹೊಂದಿದರೆ ಸಾಕು,” ಎಂದರು.

“ಅಷ್ಟು ಹಳೆಯದು ಈಗ ಸಿಗಲಿಕ್ಕಿಲ್ಲ ಮೇಡಂ,” ಎಂದೆ ನಾನು.

ಜವಾನ ಧೂಳು ಕೊಡವಿ ದೊಡ್ಡ ರಿಜಿಸ್ಟರ್ ತಂದಿಟ್ಟ. ಪುಟ ತೆರೆದರು. ಅಕ್ಕನ ಹೆಸರಿನ ಎದುರು ದಪ್ಪವಾದ, ಸ್ಪಷ್ಟವಾದ ಒಂದು ಹೆಬ್ಬೆಟ್ಟು. ಗೆರೆಗಳು ಎಣಿಸುವ ಹಾಗಿವೆ. ನಡುವೆ ಓರೆಯಾಗಿ ಒಂದು ಬಿಳಿ ಗೀರು. ಹಳೆಯ ಗಾಯದ ಗುರುತು. ಅಧಿಕಾರಿ ಅಕ್ಕನ ಹೆಬ್ಬೆರಳು ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಗಾಯವೂ ಇಲ್ಲ, ಗೆರೆಯೂ ಇಲ್ಲ. ನಾನು ನನ್ನ ಎಡಗೈಯನ್ನು ಅಂಗಿಯ ಜೇಬಿನೊಳಗೆ ತುರುಕಿಕೊಂಡೆ.

ಹೌದು. ರಿಜಿಸ್ಟರಿನಲ್ಲಿದ್ದ ಹೆಬ್ಬೆಟ್ಟು ನನ್ನದು. ನಾನು ಆರು ವರ್ಷದವನಾಗಿದ್ದಾಗ ಅಕ್ಕನ ಮೀನು ಕೊಯ್ಯುವ ಕತ್ತಿಯ ಮೇಲೆ ಆಟಕ್ಕೆ ಕೈಯಿಟ್ಟು ಮಾಡಿಕೊಂಡ ಗಾಯ ಅದು. ಅರಸಿನ ಒತ್ತಿ, ತನ್ನ ಸೆರಗಿನ ಅಂಚು ಹರಿದು ಕಟ್ಟಿದವಳು ಅವಳೇ.

ಅಲ್ಲಿಗೆ ಅದು ಹೇಗೆ ಬಂತು? ಹೇಳುತ್ತೇನೆ. ಸ್ವಲ್ಪ ತಾಳಿ. ನಲವತ್ತು ವರ್ಷ ನಾನು ಅವಳಿಗೇ ಹೇಳಲಿಲ್ಲ, ನಿಮಗೆ ಎರಡು ನಿಮಿಷ ತಡವಾದರೆ ಏನಾಯಿತು?

“ಇದು ನಿಮ್ಮದಲ್ಲಮ್ಮ,” ಎಂದರು ಅಧಿಕಾರಿ, ನಿಧಾನವಾಗಿ. “ಜಾಗ ಪಡೆದವರು ಬೇರೆ ಯಾರೋ ಇರಬೇಕು. ನೀವೇ ಅವರು ಅನ್ನುವುದಕ್ಕೆ ಇನ್ನೇನಾದರೂ ತನ್ನಿ. ಪಟ್ಟಿ ಕಳುಹಿಸುವುದಕ್ಕೆ ಎರಡು ತಿಂಗಳಿದೆ.”

ಅಕ್ಕ ರಿಜಿಸ್ಟರನ್ನು ದೂರ ಹಿಡಿದು, ಹತ್ತಿರ ಹಿಡಿದು, ತುಂಬ ಹೊತ್ತು ನೋಡಿದಳು. ಆಮೇಲೆ ಕಿಟಕಿಯ ಕಡೆ ನೋಡಿದಳು. “ಮೇಡಮ್ಮ ನಂದಲ್ಲ ಅಂದ್ರ್ ಮೇಲೆ ಅಲ್ಲ. ಬಾ ತಮ್ಮಾ, ಹೋಪ,” ಎಂದು ಎದ್ದಳು.

ಆ ಎರಡು ತಿಂಗಳು ನಾನು ಅವಳನ್ನು ಸುತ್ತಿಸಿದೆ. ಗೊತ್ತಿದ್ದೂ ಸುತ್ತಿಸಿದೆ ಎನ್ನುವುದನ್ನು ಗಮನಿಸಿ. ಕುಂದಾಪುರದಲ್ಲಿ ಅಫಿಡವಿಟ್ಟು, ಬೈಂದೂರಿನಲ್ಲಿ ಅದರ ನಕಲು, ನಕಲಿನ ಮೇಲೆ ಸೀಲು, ಸೀಲು ಹಾಕುವವರು ರಜೆ! ಪ್ರತಿ ಸಲವೂ ಬಸ್ಸಿನಲ್ಲಿ ಅವಳ ಪಕ್ಕ ಕೂತು, ಈ ಸಲ ಆಗುತ್ತದೆ ಎಂದು ಧೈರ್ಯ ಹೇಳಿದವನು ನಾನೇ. ಕಳ್ಳನೇ ಮನೆಯವರ ಜೊತೆ ಲಾಟೀನು ಹಿಡಿದು ಹುಡುಕಿದ ಹಾಗೆ.

ಅವಳನ್ನು ಬಲ್ಲ ಹಿರಿಯರಿಬ್ಬರು ಬಂದು ಸಾಕ್ಷಿ ಹೇಳಿದರೆ ನೋಡುವ ಎಂದಿದ್ದರು ಅಧಿಕಾರಿ. ಇಬ್ಬರು ಎಂದರೆ ಅಕ್ಕನಿಗೆ ಅವಮಾನ. ಒಂಬತ್ತು ಜನರನ್ನು ಕರೆತಂದಳು. ಎಲ್ಲರೂ ಮಾರುಕಟ್ಟೆಯವರು, ವ್ಯಾಪಾರ ಮುಗಿಸಿ ಬುಟ್ಟಿ ಸಮೇತ ಬಂದವರು. ಜವಾನ ಥಟ್ಟನೆ ಮೂಗಿಗೆ ಕರ್ಚೀಫು ಹಿಡಿದ. ಆ ಗುಂಪಿನ ಹಿರಿಯಳು ಅವನ ಎದುರು ಹೋಗಿ ನಿಂತಳು.

“ಎಂತ ಮಗಾ, ಮಧ್ಯಾಹ್ನ ಉಂಬುಕೂ ಹೀಂಗೇ ಮೂಗ್ ಮುಚ್ಕಂತ್ಯಾ?”

ಕರ್ಚೀಫು ಜೇಬಿಗೆ ಹೋಯಿತು. ಆದರೆ ಆಮೇಲೆ ಆದದ್ದೇನು? ಸಾಕ್ಷಿಗಳ ಕಾರ್ಡು ನೋಡಬೇಕಲ್ಲ! ಒಬ್ಬಳ ಕಾರ್ಡಿನಲ್ಲಿ ಅವಳು ಗಂಡಸು. ಇನ್ನೊಬ್ಬಳಿಗೆ ನೂರಹನ್ನೆರಡು ವರ್ಷ. ಮತ್ತೊಬ್ಬಳ ಕಾರ್ಡಿನಲ್ಲಿ ಅವಳ ಓರಗಿತ್ತಿಯ ಫೋಟೋ. ಓರಗಿತ್ತಿಯೊಡನೆ ಮಾತು ಬಿಟ್ಟು ಇಪ್ಪತ್ತು ವರ್ಷವಾದ್ದರಿಂದ ಅದನ್ನು ನೋಡಿಯೇ ಇರಲಿಲ್ಲವಂತೆ! ಉಳಿದವರೆಲ್ಲ ಜೂನ್ ಒಂದು. ಸಾಕ್ಷಿ ಹೇಳಲು ಬಂದವರಿಗೇ ಸಾಕ್ಷಿ ಬೇಕಾಯಿತು. ಅರ್ಧಕ್ಕರ್ಧ ಅರ್ಜಿ ಬರೆದ ಮಹಾನುಭಾವ ಮೂಲೆಯಲ್ಲಿ ನಿಂತು ಫ್ಯಾನು ನೋಡುತ್ತಿದ್ದ.

“ನಿಮ್ಮ ಮಾತನ್ನು ನಾನು ನಂಬುತ್ತೇನೆ,” ಎಂದರು ಅಧಿಕಾರಿ, ತಲೆ ಒತ್ತಿಕೊಳ್ಳುತ್ತ. “ಕಾಗದ ನಂಬಬೇಕಲ್ಲ?”

ಕಡೆಗೆ ಉಳಿದದ್ದು ಶಾಲೆಯ ದಾಖಲೆ. ಅಕ್ಕ ಚಿಕ್ಕವಳಿದ್ದಾಗ ಬ್ರಹ್ಮಾವರದ ಹತ್ತಿರ ಅಜ್ಜಿಯ ಮನೆಯಲ್ಲಿದ್ದು ಎರಡನೆಯ ತರಗತಿಯವರೆಗೆ ಕಲಿತವಳು. ಆ ಶಾಲೆ ಈಗಲೂ ಇದೆ. ಅಲ್ಲಿನ ಹೆಡ್ಮಾಸ್ತರರು ಬಹಳ ಉತ್ಸಾಹಿ. ಕಪಾಟಿನ ತಳದಿಂದ ಬಟ್ಟೆ ಸುತ್ತಿದ ಹಳೆಯ ದಾಖಲಾತಿ ಪುಸ್ತಕ ತೆಗೆದು, ಬೆರಳಿಟ್ಟು ಹುಡುಕಿ, “ಸಿಕ್ಕಿತು!” ಎಂದು ಕೂಗಿದರು. ಅಕ್ಕನ ಹೆಸರು, ಪೋಷಕರು ಎಂಬಲ್ಲಿ ನಮ್ಮ ಸೋದರಮಾವನ ಹೆಸರು. ನಮ್ಮಲ್ಲಿ ತಾಯಿಯ ಕಡೆಯೇ ಮನೆತನ, ಹಾಗಾಗಿ ಮಾವನೇ ಯಜಮಾನ. ಅವರು ಒಂದೊಂದೇ ಅಂಕಣ ಗಟ್ಟಿಯಾಗಿ ಓದುತ್ತ ಹೋದರು.

“ಶಾಲೆ ಬಿಟ್ಟದ್ದು, ಎರಡನೆಯ ತರಗತಿ. ಶಾಲೆ ಬಿಟ್ಟ ಕಾರಣ...” ಎಂದು ಕನ್ನಡಕ ಸರಿ ಮಾಡಿಕೊಂಡರು. “ತಮ್ಮ ಹುಟ್ಟಿದ್ದರಿಂದ, ಮಗುವನ್ನು ನೋಡಿಕೊಳ್ಳಲು.”

“ಸಮ ಬರ್ದಿರ್ ಕಾಣಿ ಮಾಷ್ಟ್ರೇ!” ಅಕ್ಕನಿಗೆ ಎಲ್ಲಿಲ್ಲದ ಖುಷಿ. ನನ್ನ ತೋಳು ಹಿಡಿದು ಮುಂದೆ ಎಳೆದಳು. “ಅದ್ ಇವನೇ!”

“ಓಹೋ, ಕಾರಣ ಇವರಾ!” ಎಂದರು ಹೆಡ್ಮಾಸ್ತರರು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ.

ಆ ದಾಖಲೆಯ ನಕಲೂ ಕೆಲಸಕ್ಕೆ ಬರಲಿಲ್ಲ. ಶಾಲೆಯಲ್ಲಿ ಮಾವನ ಹೆಸರು, ಹಕ್ಕುಪತ್ರದಲ್ಲಿ ಗಂಡನ ಹೆಸರು. ಫೋನಿನಲ್ಲಿ ಕೇಳಿದಾಗ ಅಧಿಕಾರಿ ಹೇಳಿದರು, “ಈ ಹುಡುಗಿಯೇ ಆ ಹೆಂಗಸು ಅನ್ನುವುದಕ್ಕೆ ನಡುವೆ ಏನಾದರೂ ಬೇಕಲ್ಲ?”

ನಡುವೆ ಇದ್ದವನು ನಾನು. ಬೇರೇನೂ ಇರಲಿಲ್ಲ.

ಬ್ರಹ್ಮಾವರದಿಂದ ಬರುವಾಗ ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಎರಡು ತಿಂಗಳಿನಿಂದ ಬೆಳಿಗ್ಗೆ ಮಾರುಕಟ್ಟೆ, ಮಧ್ಯಾಹ್ನ ಆಫೀಸು. ಬಾಯಿ ತೆರೆದಿತ್ತು, ಕೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಬೆರಳ ತುದಿಗಳು ಕಡಲಿನ ಕಲ್ಲಿನಷ್ಟು ನುಣುಪು. ಪಟ್ಟಿ ಹೋಗುವುದಕ್ಕೆ ಎರಡು ದಿನ ಉಳಿದಿತ್ತು.

ಇನ್ನು ತಡ ಮಾಡುವುದಿಲ್ಲ. ಹೇಳಿಬಿಡುತ್ತೇನೆ.

ಆಗ ನನಗೆ ಇಪ್ಪತ್ತಾರು. ಹೊಸದಾಗಿ ಟೈಂ ಕೀಪರ್ ಆಗಿದ್ದೆ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಹಕ್ಕುಪತ್ರ ಕೊಡುವ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ನನ್ನ ಅಕ್ಕ ಏನು ಮಾಡುತ್ತಾಳೆ ಎಂದು ನಾನು ಅವನಿಗೆ ಯಾವತ್ತೂ ಹೇಳಿರಲಿಲ್ಲ. ಆ ದಿನ ಅಕ್ಕ ಮಾರುಕಟ್ಟೆಗೆ ಹೋಗದೆ, ಮದುವೆಯ ಸೀರೆ ಉಟ್ಟು, ತಲೆ ಬಾಚಿ, ಹೂ ಒಂದು ಬಿಟ್ಟು ಎಲ್ಲ ಅಲಂಕಾರ ಮಾಡಿಕೊಂಡು ನನ್ನ ಜೊತೆ ಬಂದಳು. ಹುಟ್ಟಿದ ಮೇಲೆ ಮೊದಲ ಸಲ ತನ್ನ ಹೆಸರಿಗೆ ಏನೋ ಒಂದು ಬರುತ್ತಿತ್ತಲ್ಲ! ಅಂಗಳದ ಗೋಳಿಮರದ ಕೆಳಗೆ ನಿಲ್ಲಿಸಿ, “ಕರ್ದಾಗ ಬಾ,” ಎಂದು ಒಳಗೆ ಹೋದೆ.

ಕರೆಯಲಿಲ್ಲ. ಅವಳು ಒಳಗೆ ಬಂದರೆ, ಅವಳ ಹೆಬ್ಬೆರಳು ಹಿಡಿದು ಒತ್ತುವಾಗ ಆ ಗೆಳೆಯ ಮೂಗಿಗೆ ಕರ್ಚೀಫು ಹಿಡಿದಾನು ಎಂದು ಹೆದರಿದೆ. “ಅಕ್ಕನಿಗೆ ಹುಷಾರಿಲ್ಲ, ಹೊರಗೆ ಕೂತಿದ್ದಾಳೆ, ನಾನೇ ಹಾಕಿಸಿ ತರುತ್ತೇನೆ,” ಎಂದು ರಿಜಿಸ್ಟರೂ ಶಾಯಿಯ ಡಬ್ಬಿಯೂ ತೆಗೆದುಕೊಂಡು ಜಗಲಿಯ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ನನ್ನ ಹೆಬ್ಬೆಟ್ಟು ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ನನ್ನ ಮೈಮೇಲಿದ್ದ ಬಿಳಿ ಅಂಗಿ, ಜೇಬಿನ ಪೆನ್ನು, ತಲೆಯಲ್ಲಿದ್ದ ನಾಲ್ಕಕ್ಷರ ಎಲ್ಲವೂ ಬಂದದ್ದು ಆ ಮೀನಿನ ಬುಟ್ಟಿಯಿಂದ ಎಂಬುದು ಆ ಒಂದು ನಿಮಿಷದಲ್ಲಿ ನನಗೆ ನೆನಪಾಗಲಿಲ್ಲ.

ಹೊರಗೆ ಬಂದು, “ಆಯ್ತ್ ಅಕ್ಕ. ಹೆಬ್ಬೆಟ್ಟ್ ಬ್ಯಾಡ ಅಂದ್ರ್,” ಎಂದೆ.

“ಹೌದಾ?” ಎಂದಳು. ಒಮ್ಮೆ ತನ್ನ ಕೈ ನೋಡಿಕೊಂಡಳು. ಆಮೇಲೆ ಅದನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಇದೇ ನನ್ನ ತಪ್ಪು. ಈಗ ಬೈಯಬಹುದು.

ಬ್ರಹ್ಮಾವರದಿಂದ ಬಂದ ಮರುದಿನ ಅವಳನ್ನು ಕರೆದುಕೊಂಡು ಆಫೀಸಿಗೆ ಹೋದೆ. ಯಾಕೆ ಎಂದು ಅವಳು ಕೇಳಲಿಲ್ಲ. ಬೆಳಗಿನ ವ್ಯಾಪಾರ ಮುಗಿಸಿ ಹಾಗೇ ಬಂದಿದ್ದಳು. ಅಧಿಕಾರಿಯ ಎದುರು ಎಡಗೈ ಮೇಜಿನ ಮೇಲಿಟ್ಟು, “ರಿಜಿಸ್ಟರಿನಲ್ಲಿ ಇರುವುದು ಇದು ಮೇಡಂ,” ಎಂದೆ.

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖ ಗಂಭೀರವಾಯಿತು. ರಿಜಿಸ್ಟರ್ ತರಿಸಿದರು. ಖಾಲಿ ಹಾಳೆಯ ಮೇಲೆ ನನ್ನ ಹೆಬ್ಬೆಟ್ಟು ಒತ್ತಿಸಿ ಭೂತಗನ್ನಡಿ ಹಿಡಿದರು. ಗೆರೆಗೆ ಗೆರೆ, ಗೀರಿಗೆ ಗೀರು. ಎರಡು ವರ್ಷದಲ್ಲಿ ಮೊದಲ ಬಾರಿಗೆ ಒಂದು ಬೆರಳು ಒಂದು ಕಾಗದಕ್ಕೆ ಹೊಂದಿತು, ಅದೂ ಕಳ್ಳನದು!

“ಇದು ಅಪರಾಧ ಅಂತ ಗೊತ್ತಿದೆಯಾ ನಿಮಗೆ?”

“ಗೊತ್ತಿದೆ.”

“ಅಕ್ಕ ಬದುಕಿದ್ದರು, ಊರಲ್ಲೇ ಇದ್ದರು. ಮತ್ತೆ ನೀವು ಯಾಕೆ ಹಾಕಿದಿರಿ?”

ಎಲ್ಲ ಹೇಳಬೇಕೆಂದೇ ಹೋದವನು ನಾನು. ಆದರೆ ಆ ‘ಯಾಕೆ’ಗೆ ಉತ್ತರವನ್ನು, ಪಕ್ಕದಲ್ಲಿ ಅಕ್ಕ ಕೂತಿರುವಾಗ, ಹೇಗೆ ಹೇಳಲಿ? ಗಡಿಯಾರ ನೋಡಿದೆ, ನೆಲ ನೋಡಿದೆ.

“ಮೇಡಮ್ಮ,” ಎಂದಳು ಅಕ್ಕ. “ಅವ ಹಾಕದ್ದಲ್ಲ, ನಾನ್ ಹಾಕ್ಸದ್ದ್.”

“ಅಂದರೆ?”

“ನನ್ದ್ ಮೀನಿನ್ ಕೈ ಅಲ್ದಾ? ಸರ್ಕಾರದ್ ಕಾಗ್ದ ನಾರೂದ್ ಬ್ಯಾಡ, ತಮ್ಮಾ ನೀನೇ ಹಾಕ್ ಅಂದೇಳಿ ನಾನೇ ಹೇಳ್ದೆ. ಅವ ಆಗ್ದಿಲ್ಲ ಅಂದ. ನಾನ್ ಬಿಟ್ಟಿದ್ದಿಲ್ಲೆ. ತಪ್ಪ್ ಇದ್ರೆ ನಂದ್ ಬರ್ಕಣಿ.”

ಸುಳ್ಳು. ಒಂದೊಂದು ಅಕ್ಷರವೂ ಸುಳ್ಳು. ನಾನು ತಲೆಯೆತ್ತಿ ಅವಳನ್ನು ನೋಡಿದೆ. ಎರಡು ತಿಂಗಳ ಹಿಂದೆ ರಿಜಿಸ್ಟರ್ ಹಿಡಿದು ಅಷ್ಟು ಹೊತ್ತು ನೋಡಿದಾಗಲೇ ತಾನು ಅರಸಿನ ಒತ್ತಿದ ಗಾಯದ ಗುರುತು ಅವಳಿಗೆ ಸಿಕ್ಕಿತ್ತು. ನಾನು ಹೇಳಲಿ ಎಂದು ಕಾದಳು. ನಾನು ಸುತ್ತಿಸಿದಲ್ಲೆಲ್ಲ ಸುತ್ತಿದಳು.

“ಅಲ್ಲ ಮೇಡಂ, ಅವಳು ಹೇಳಲಿಲ್ಲ, ನಾನೇ...” ಎಂದೆ.

“ನೀ ಸುಮ್ನಿರ್ ಮಾರಾಯ, ಹಿರಿಯೋರ್ ಮಾತಾಡುವತಿಗೆ ನಡೂಗ್ ಬಾಯ್ ಹಾಕೂದ್ ಎಂತಕೆ?” ಎಂದು ಗದರಿದಳು. ಅರುವತ್ತಾರು ವರ್ಷದವನು ಬಾಯಿ ಮುಚ್ಚಿದೆ.

ಅಧಿಕಾರಿ ಪೆನ್ನು ತೆಗೆದರು. ಏನು ಅರ್ಥವಾಯಿತೋ, ಹೆಚ್ಚಿಗೆ ಕೇಳಲಿಲ್ಲ. ಇಬ್ಬರ ಹೇಳಿಕೆಯನ್ನೂ ತಾವೇ ಕೂತು ಬರೆದರು. ನಾನು ರುಜು ಹಾಕಿದೆ. ಅಕ್ಕನ ಹೆಬ್ಬೆರಳನ್ನು ಅವರೇ ಹಿಡಿದು ಶಾಯಿಗೆ ಅದ್ದಿ ಕಾಗದಕ್ಕೆ ಒತ್ತಿದರು. ಬಂದದ್ದು ಒಂದು ನೀಲಿ ಚುಕ್ಕೆ, ಗೆರೆಯೇ ಇಲ್ಲದ್ದು. ಅದರ ಕೆಳಗೆ ‘ನನ್ನ ಸಮಕ್ಷಮದಲ್ಲಿ ಒತ್ತಿದ್ದು’ ಎಂದು ಬರೆದು ಸಹಿ ಮಾಡಿದರು.

“ಬರುವ ವಾರ ನಾನೇ ಕೇರಿಗೆ ಬಂದು ಅಕ್ಕಪಕ್ಕದವರನ್ನು ಕೇಳಿ ಮಹಜರು ಮಾಡುತ್ತೇನೆ. ಪಟ್ಟಿಯಿಂದ ನಿಮ್ಮ ಹೆಸರು ತೆಗೆಯುವುದಿಲ್ಲಮ್ಮ. ಇವರ ವಿಷಯ ಮಾತ್ರ ಮೇಲಿನವರಿಗೆ ಬರೆಯಲೇಬೇಕು.”

“ಬರೆಯಿರಿ ಮೇಡಂ,” ಎಂದೆ. ನಲವತ್ತು ವರ್ಷದಲ್ಲಿ ಅಷ್ಟು ಹಗುರವಾಗಿ ನಾನು ಒಂದು ಮಾತು ಆಡಿದ್ದು ನೆನಪಿಲ್ಲ.

ಹೊರಗೆ ಬಂದೆವು. ಮೆಟ್ಟಿಲ ಮೇಲೆ ಅರ್ಜಿ ಹಿಡಿದ ಜನ, ಜೆರಾಕ್ಸಿನವರು, ವಕೀಲರ ಗುಮಾಸ್ತರು. ಅಕ್ಕ ನಡುಮೆಟ್ಟಿಲಲ್ಲಿ ನಿಂತು ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತೆ. ತಪ್ಪಾಯಿತು ಎನ್ನಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ, ನನ್ನ ಮುಖ ನೋಡದೆ, ಬೆರಳು ಒರೆಸುತ್ತಲೇ, ನಾನು ಯಾವತ್ತೂ ಕೇಳಿರದಷ್ಟು ಮೆಲ್ಲಗೆ ಹೇಳಿದಳು.

“ಆವತ್ತ್ ನನ್ ಕೈ ನಾರ್ತಿರ್ಲಿಲ್ಲೆ ತಮ್ಮಾ. ಹುಣ್ಸಿಹಣ್ಣ್ ಹಾಕಿ ಮೂರ್ ಸಲ ತಿಕ್ಕಿದ್ದೆ. ಒಂದ್ ಸಲ ಮೂಸಿ ಕಾಂಬುಕಾಗಿತ್ತ್ ನೀನ್.”

ನಾನು ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಮೂಗಿಗೆ ಒತ್ತಿಕೊಂಡೆ. ಬೆಳಗಿನ ಬಂಗುಡೆ, ಐಸಿನ ತಂಪು, ಶಾಯಿ.

“ಹ್ವಾಯ್, ಬಿಡ್ ಮಾರಾಯ, ಜನ ಕಾಂತ್ರ್,” ಎಂದಳು ಅಕ್ಕ.

ಕಾಣಲಿ.